ಮೊಳೆಯದ ಬೀಜ, ಮಲಗುವ ಸಸಿ: ದಕ್ಷಿಣ ಆಫ್ರಿಕಾದ ಗೆಡ್ಡೆ ಹೂಗಳಿಗೆ ಮಲೆನಾಡಿನ ದೋಷ ನಿವಾರಣೆ ಕೈಪಿಡಿ

ಹೂವಿನ ಗೆಡ್ಡೆ ಹಂಚಿಕೊಳ್ಳುವುದು ಮಲೆನಾಡಿಗೆ ಹೊಸತಲ್ಲ. ಬಂದ ನೆಂಟರನ್ನು ಡೇರೆ ಗೆಡ್ಡೆ ಕೊಡದೆ ಬರಿಗೈಯಲ್ಲಿ ಕಳಿಸುವ ಮನೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹುಡುಕಿದರೂ ಸಿಗುವುದು ಕಷ್ಟ. ಈಗ ಅದೇ ಕೈಗಳಲ್ಲಿ ಲ್ಯಾಕನೇಲಿಯಾ, ಫ್ರೀಸಿಯಾ, ನೆರೈನ್, ಕ್ಲೈವಿಯಾ, ಸಿರ್ಟಾಂಥಸ್ ಎಂದು ಬರೆದ ಬೀಜದ ಪೊಟ್ಟಣಗಳೂ ಓಡಾಡುತ್ತಿವೆ. ಅವುಗಳ ಹಿಂದೆಯೇ ದೂರುಗಳು: ಹುಟ್ಟಲೇ ಇಲ್ಲ, ಹುಟ್ಟಿ ಸತ್ತುಹೋಯಿತು, ಚೆನ್ನಾಗಿದ್ದ ಎಲೆ ಇದ್ದಕ್ಕಿದ್ದಂತೆ ಮಾಯವಾಯಿತು. ದೂರುವವರು ಮೊದಲು ಬೈಯುವುದು ಮಣ್ಣನ್ನು. ಮಣ್ಣು ಬದಲಿಸುತ್ತಾರೆ, ಗೊಬ್ಬರ ಬದಲಿಸುತ್ತಾರೆ, ಕುಂಡ ಬದಲಿಸುತ್ತಾರೆ. ನಾನು ಕಂಡಂತೆ ಮಣ್ಣಿನ ತಪ್ಪು ಅಪರೂಪ. ಬಹುಪಾಲು ತಪ್ಪು ಪಂಚಾಂಗದ್ದು. ಆದ್ದರಿಂದ ಈ ಕೈಪಿಡಿ ಕುಂಡದಿಂದಲ್ಲ, ತಿಂಗಳಿನಿಂದ ಶುರುವಾಗುತ್ತದೆ.

ಕುಂಡ ಕೆದಕುವ ಮುನ್ನ ಎರಡು ಪ್ರಶ್ನೆ

ಮೊದಲ ಪ್ರಶ್ನೆ: ಈ ಗಿಡ ಯಾವ ಮಳೆಯದ್ದು? ದಕ್ಷಿಣ ಆಫ್ರಿಕಾದಲ್ಲಿ ಮಳೆ ಎಲ್ಲ ಕಡೆಯೂ ಒಂದೇ ಕಾಲಕ್ಕೆ ಬೀಳುವುದಿಲ್ಲ. ನೈಋತ್ಯ ಮೂಲೆಯ ಕೇಪ್ ಪ್ರದೇಶದಲ್ಲಿ ಮಳೆಗಾಲವೆಂದರೆ ಅವರ ಚಳಿಗಾಲ, ಸುಮಾರು ಮೇ ತಿಂಗಳಿಂದ ಆಗಸ್ಟ್‌ವರೆಗೆ. ಬೇಸಿಗೆಯಲ್ಲಿ ಅಲ್ಲಿ ನೆಲ ಕಾದು ಒಣಗಿರುತ್ತದೆ, ಗೆಡ್ಡೆಗಳು ನಿದ್ದೆಯಲ್ಲಿರುತ್ತವೆ. ಲ್ಯಾಕನೇಲಿಯಾ, ಫ್ರೀಸಿಯಾ, ಸ್ಪಾರಾಕ್ಸಿಸ್, ಇಕ್ಸಿಯಾ, ಬಾಬಿಯಾನಾ, ಮೊರಿಯಾ ಮುಂತಾದವುಗಳ ಬಹುಪಾಲು ಜಾತಿಗಳು ಈ ಚಳಿಮಳೆಯ ಗುಂಪಿನವು. ಪೂರ್ವದ ಕ್ವಾಜುಲು-ನಟಾಲ್ ಕಡೆ ಮಳೆ ನಮ್ಮಂತೆ ಬೆಚ್ಚಗಿನ ತಿಂಗಳುಗಳಲ್ಲಿ ಬೀಳುತ್ತದೆ. ಅನಾನಸಿನಂತೆ ನೆತ್ತಿಯ ಮೇಲೆ ಎಲೆಯ ಜುಟ್ಟು ಹೊತ್ತ ಯೂಕೋಮಿಸ್, ಕ್ರೊಕಾಸ್ಮಿಯಾ, ಡೈಯರಾಮಾ, ನೆರಳಿನ ಕಾಡಿನ ಕ್ಲೈವಿಯಾ, ಹಲವು ಕ್ರೈನಮ್‌ಗಳು ಆ ಕಡೆಯ, ಬೇಸಿಗೆ ಮಳೆಯ ಗುಂಪಿನವು. ನಮ್ಮ ಅಂಗಳಗಳಲ್ಲಿ ಮೇ ತಿಂಗಳಲ್ಲಿ ಕೆಂಪು ಚೆಂಡು ಬಿಡುವ ಫುಟ್‌ಬಾಲ್ ಲಿಲ್ಲಿ ಆಫ್ರಿಕಾದಲ್ಲಿ ವಿಶಾಲವಾಗಿ ಹರಡಿರುವ ಸ್ಕ್ಯಾಡಾಕ್ಸಸ್. 1976ರವರೆಗೂ ಪುಸ್ತಕಗಳಲ್ಲಿ ಅದು ಹೀಮ್ಯಾಂಥಸ್ ಆಗಿಯೇ ಇತ್ತು. ಅಜ್ಜಿಯ ಕಾಲದಿಂದ ತುಳಸಿಕಟ್ಟೆಯ ಬುಡದಲ್ಲಿ ಅದು ಸುಖವಾಗಿ ಬದುಕಿರುವುದಕ್ಕೆ ಕಾರಣ ಇಷ್ಟೇ: ಅದರ ಮಳೆಯೂ ನಮ್ಮ ಮಳೆಯೂ ಒಂದೇ ಋತುವಿನವು.

ಎರಡನೆಯ ಪ್ರಶ್ನೆ: ಬೀಜ ಒಣ ಬೀಜವೋ, ರಸಬೀಜವೋ? ಲ್ಯಾಕನೇಲಿಯಾ, ಫ್ರೀಸಿಯಾ, ಯೂಕೋಮಿಸ್ ಬೀಜಗಳು ಸಾಸಿವೆ, ಈರುಳ್ಳಿ ಬೀಜಗಳ ಹಾಗೆ ಗಟ್ಟಿ. ಒಣಗಿಸಿ ಇಟ್ಟರೆ ಕಾಯುತ್ತವೆ. ನೆರೈನ್, ಕ್ರೈನಮ್, ಬ್ರನ್ಸ್‌ವಿಜಿಯಾ, ಹೀಮ್ಯಾಂಥಸ್, ಸ್ಕ್ಯಾಡಾಕ್ಸಸ್, ಕ್ಲೈವಿಯಾ ಬೀಜಗಳ ಒಳಗೆ ನೀರಿನ ಪಸೆ ಇರುತ್ತದೆ, ಒತ್ತಿದರೆ ಬೆರಳಿಗೆ ತಿಳಿಯುತ್ತದೆ. ಇವು ಕಾಯುವ ಬೀಜಗಳಲ್ಲ. ಒಣಗಿದರೆ ಸತ್ತವು.

ಪೊಟ್ಟಣದ ಮೇಲೆ ಈ ಎರಡು ಸಂಗತಿ ಬರೆದಿಲ್ಲದಿದ್ದರೆ ಕೊಟ್ಟವರಿಗೆ ಫೋನ್ ಮಾಡಿ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಗಿಡದ ಪೂರ್ತಿ ಹೆಸರನ್ನಾದರೂ ಕೇಳಿ. ಬರೀ ನೆರೈನ್ ಎಂದರೆ ಸಾಲದು. ಸಾರ್ನಿಯೆನ್ಸಿಸ್ ಚಳಿಮಳೆಯ ಗಿಡ, ಬೌಡೆನೈ ಬೇಸಿಗೆ ಮಳೆಯದ್ದು.

ಬಿತ್ತಿದ್ದು ಮೊಳೆಯಲೇ ಇಲ್ಲ

ದೂರುಗಳಲ್ಲಿ ಇದೇ ದೊಡ್ಡದು, ಕಾರಣಗಳೂ ಇಲ್ಲೇ ಹೆಚ್ಚು.

ಒಣ ಬೀಜ, ಚಳಿಮಳೆಯ ಗಿಡ ಎಂದಾದರೆ ಬಿತ್ತಿದ ತಿಂಗಳು ನೆನಪಿಸಿಕೊಳ್ಳಿ. ಮಲೆನಾಡಿನವರ ಕೈ ಮೃಗಶಿರ ಮಳೆ ಬಿದ್ದೊಡನೆ ತುರಿಸುತ್ತದೆ. ಏನನ್ನಾದರೂ ನೆಡದಿದ್ದರೆ ಸಮಾಧಾನವಿಲ್ಲ. ಭತ್ತಕ್ಕೆ ಅದು ಸರಿ, ಕೇಪಿನ ಬೀಜಕ್ಕೆ ಅಲ್ಲ. ಆ ಬೀಜಕ್ಕೆ ನೀರು ಸಿಕ್ಕರೆ ಸಾಲದು, ರಾತ್ರಿ ತಂಪಾಗಬೇಕು. ಹಗಲಿಗೂ ರಾತ್ರಿಗೂ ಉಷ್ಣತೆಯಲ್ಲಿ ಎದ್ದುಕಾಣುವ ಅಂತರ ಬಿದ್ದು, ರಾತ್ರಿ 10ರಿಂದ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಾಗ ಅದಕ್ಕೆ ತನ್ನ ಊರಿನ ಮಳೆಗಾಲ ಬಂದಂತೆ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ನಮ್ಮಲ್ಲಿ ಹಗಲೂ ರಾತ್ರಿಯೂ ಒಂದೇ ಬಗೆಯ ತೇವದ ಬೆಚ್ಚಗೆ. ಬೀಜ ನೀರು ಕುಡಿದು ಊದಿಕೊಂಡು, ಮೊಳೆಯದೆ, ಕೊಳೆಯುತ್ತದೆ.

ಪರೀಕ್ಷೆ ಹೀಗೆ: ಸೂಜಿಯಿಂದ ಒಂದೆರಡು ಬೀಜ ಮೇಲೆತ್ತಿ, ಉಗುರಿನಿಂದ ಒತ್ತಿ. ಗಟ್ಟಿಯಾಗಿದ್ದರೆ ಜೀವವಿದೆ. ಕುಂಡವನ್ನು ಜಗುಲಿಗೆ ತಂದು ಒಣಗಲು ಬಿಡಿ, ಸ್ವಾತಿ ಮಳೆ ಮುಗಿದ ಮೇಲೆ ಮತ್ತೆ ನೀರು ಕೊಡಿ. ಪಿಚ್ಚೆಂದು ಬಿಳಿ ಹಿಟ್ಟು ಹೊರಬಂದರೆ ಆ ಕುಂಡದ ಆಸೆ ಬಿಡಿ.

ಇವುಗಳ ಬಿತ್ತನೆಗೆ ಸರಿಯಾದ ಕಾಲ ದೀಪಾವಳಿಯಿಂದ ಡಿಸೆಂಬರ್ ನಡುವಿನವರೆಗೆ. ಅಡಿಕೆ ಬೆಳೆಗಾರರಿಗೆ ಇದೊಂದು ಪೇಚು. ಕೊಯ್ಲು, ಸುಲಿತ, ಬೇಯಿಸುವುದು ಎಂದು ಮನೆಮಂದಿಗೆಲ್ಲ ಕೈಬಿಡುವಿಲ್ಲದ ದಿನಗಳಲ್ಲೇ ಸಣ್ಣ ಕುಂಡಗಳಿಗೆ ನಿತ್ಯ ನೀರು ಬೇಕು. ಕುಂಡಗಳನ್ನು ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಬಾನಿ ಇರುವ ಕಡೆ, ಅಂದರೆ ದಿನವೂ ಕಣ್ಣು ಬೀಳುವ ಜಾಗದಲ್ಲಿ, ಇಟ್ಟುಕೊಂಡವರು ಗೆಲ್ಲುತ್ತಾರೆ. ಹಿತ್ತಲಿನ ಮೂಲೆಯಲ್ಲಿಟ್ಟವರು ಸಂಕ್ರಾಂತಿಗೆ ನೋಡಿ ನಿಟ್ಟುಸಿರು ಬಿಡುತ್ತಾರೆ.

ಶಿವಮೊಗ್ಗ ಪಟ್ಟಣದವರಿಗೆ ಇನ್ನೊಂದು ತೊಂದರೆ. ಘಟ್ಟದ ಅಂಚಿನ ಹಳ್ಳಿಗಳಷ್ಟು ಚಳಿ ಅಲ್ಲಿಲ್ಲ. ತಾರಸಿಯ ಕಾಂಕ್ರೀಟು ಹಗಲಿನ ಶಾಖವನ್ನು ರಾತ್ರಿಯೆಲ್ಲ ಉಗುಳುತ್ತಿರುತ್ತದೆ. ಅಂಥವರು ಬೀಜವನ್ನು ಒದ್ದೆ ಮಾಡಿ ಹಿಂಡಿದ ಕಾಗದದಲ್ಲಿ ಸುತ್ತಿ, ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಎರಡು ಮೂರು ವಾರ ಇಟ್ಟು, ಬಾಲ ಕಾಣಿಸಿದವನ್ನು ಕುಂಡಕ್ಕೆ ಇಳಿಸಬಹುದು. ಕೊತ್ತಂಬರಿ ಸೊಪ್ಪಿನ ಜೊತೆ ಎಸೆದುಹೋಗದಂತೆ ಹೆಸರು ಬರೆದಿಡಿ.

ಕಾಲ ಸರಿಯಿದ್ದೂ ಮೊಳೆಯದಿದ್ದರೆ ಬೀಜವನ್ನೇ ಅನುಮಾನಿಸಬೇಕು. ಗುಂಡು ಬೀಜವಾದರೆ ಒಂದನ್ನು ಬ್ಲೇಡಿನಿಂದ ಸೀಳಿ: ಒಳಗೆ ಬಿಳಿಯಾಗಿ, ಗಟ್ಟಿಯಾಗಿ ತುಂಬಿರಬೇಕು. ಕಂದು ಬಣ್ಣ ಅಥವಾ ಪೊಳ್ಳು ಕಂಡರೆ ಬೀಜ ಹಳತು. ಸಿರ್ಟಾಂಥಸ್‌ನ ಬೀಜ ಸುಟ್ಟ ಕಾಗದದ ಚೂರಿನಂತೆ ಕಪ್ಪಗೆ, ತೆಳ್ಳಗೆ ಇರುತ್ತದೆ. ಅದನ್ನು ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದು ನೋಡಿ. ಸುತ್ತಲಿನ ರೆಕ್ಕೆ ತುಸು ಬೆಳಕು ಬಿಡುತ್ತದೆ. ನಡುವೆ ಬೆಳಕು ಬಿಡದ, ಬೆರಳಿಗೆ ಉಬ್ಬಾಗಿ ಸಿಗುವ ಒಂದು ಗೆರೆಯಂಥ ಭಾಗ ಕಂಡರೆ ಅದರಲ್ಲಿ ಜೀವಾಂಕುರವಿದೆ. ಇಡೀ ಚೂರು ಒಂದೇ ಸಮ ತೆಳುವಾಗಿದ್ದರೆ ಜೊಳ್ಳು. ಒಂದೇ ಕಾಯಿಯಿಂದ ಬಂದ ಬೀಜಗಳಲ್ಲೂ ಅರ್ಧಕ್ಕರ್ಧ ಜೊಳ್ಳಿರಬಹುದು. ಕೊಟ್ಟವರು ಮೋಸ ಮಾಡಿದರೆಂದು ತಿಳಿಯಬೇಡಿ. ಈ ಹಗುರ ಬೀಜಗಳನ್ನು ಮಣ್ಣಿಗೆ ಹಾಕುವುದಕ್ಕಿಂತ ಲೋಟದ ನೀರಿನ ಮೇಲೆ ತೇಲಿಬಿಡುವುದು ಒಳ್ಳೆಯದು. ಮೊಳೆಯುವವು ಒಂದರಿಂದ ಮೂರು ವಾರದೊಳಗೆ ಬಿಳಿ ಬೇರು ಬಿಡುತ್ತವೆ. ಬೇರು ಉಗುರಿನಷ್ಟು ಉದ್ದವಾದಾಗ ಮರಳು ಬೆರೆಸಿದ ಮಣ್ಣಿಗೆ ಇಳಿಸಿ. ನೀರು ಎರಡು ಮೂರು ದಿನಕ್ಕೊಮ್ಮೆ ಬದಲಿಸದಿದ್ದರೆ ಲೋಳೆಗಟ್ಟುತ್ತದೆ.

ಇನ್ನು ಹೊಗೆಯ ವಿಷಯ. ಕೇಪಿನ ಕುರುಚಲು ಕಾಡು ಆಗಾಗ ಬೆಂಕಿ ಬಿದ್ದು ಹೊಸದಾಗುವ ಕಾಡು. ಅಲ್ಲಿನ ಹಲವು ಬೀಜಗಳು ಬೆಂಕಿಯ ಶಾಖಕ್ಕಲ್ಲ, ಹೊಗೆಗೆ ಎಚ್ಚರಗೊಳ್ಳುತ್ತವೆ ಎಂಬುದನ್ನು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು 1990ರಲ್ಲಿ ತೋರಿಸಿದರು. ಆಮೇಲೆ ಹೊಗೆಯ ಸತ್ವ ಹೀರಿಸಿದ ಕಾಗದದ ಬಿಲ್ಲೆಗಳು ಬೀಜ ಬಿತ್ತುವವರಿಗಾಗಿ ಮಾರಾಟಕ್ಕೂ ಬಂದವು. ಸಿರ್ಟಾಂಥಸ್ ವೆಂಟ್ರಿಕೋಸಸ್ ಎಂಬ ಬೆಂಕಿ ಲಿಲ್ಲಿಯಂತೂ ಕಾಡು ಸುಟ್ಟ ಕೆಲವೇ ದಿನಗಳಲ್ಲಿ ಬೂದಿಯ ನಡುವಿನಿಂದ ಹೂ ಎತ್ತುತ್ತದೆ. ನಮ್ಮ ಮನೆಗಳಲ್ಲಿ ಬಿತ್ತನೆ ಬೀಜವನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದುದು ಹುಳ ಹಿಡಿಯದಿರಲೆಂದು. ಉದ್ದೇಶ ಬೇರೆ, ಆದರೆ ಸಲಕರಣೆ ಸಿದ್ಧವಾಗಿಯೇ ಇದೆ. ಬಿತ್ತಿ ನೀರು ಹಾಕಿದ ಕುಂಡವನ್ನು ದೊಡ್ಡ ಡಬ್ಬಿಯಲ್ಲಿಟ್ಟು, ಒಣಹುಲ್ಲು ತರಗೆಲೆಗಳ ಹೊಗೆಯನ್ನು ಕೊಳವೆಯ ಮೂಲಕ ತಣ್ಣಗಾಗಿಸಿ ಅದರೊಳಕ್ಕೆ ಬಿಡಿ, ಒಂದು ಗಂಟೆಯ ಹೊತ್ತು ಮುಚ್ಚಿಡಿ. ಆಮೇಲಿನ ನೀರು ಹೊಗೆಯ ಸತ್ವವನ್ನು ಬೀಜದವರೆಗೆ ಇಳಿಸುತ್ತದೆ. ಬಚ್ಚಲ ಒಲೆಯ ಬಾಯಿಗೆ ನೇರವಾಗಿ ಹಿಡಿದರೆ ಬೀಜ ಬೇಯುತ್ತದೆ, ಅಷ್ಟೆ. ಹೊಗೆ ಎಲ್ಲಕ್ಕೂ ಮದ್ದಲ್ಲ ಎಂಬುದೂ ನೆನಪಿರಲಿ. ಫ್ರೀಸಿಯಾಕ್ಕೆ ಅದರ ಹಂಗಿಲ್ಲ. ರಸಬೀಜಗಳಿಗಂತೂ ಬೇಡವೇ ಬೇಡ.

ರಸಬೀಜ ಮೊಳೆಯದಿದ್ದರೆ

ರಸಬೀಜದ ದೋಷಗಳು ಬೇರೆ ಜಾತಿಯವು. ನೆರೈನ್, ಬ್ರನ್ಸ್‌ವಿಜಿಯಾ ಬೀಜಗಳು ನೀರೇ ಇಲ್ಲದೆ, ಮೇಜಿನ ಮೇಲೆಯೂ ಮೊಳೆಯುತ್ತವೆ. ಅಂಚೆ ಲಕೋಟೆಯೊಳಗೇ ಬೇರು ಬಿಟ್ಟುಕೊಂಡು ಬರುವುದೂ ಉಂಟು. ಅಂಥ ಬೀಜ ಮೊಳೆಯಲಿಲ್ಲವೆಂದರೆ ಮೂರರಲ್ಲಿ ಒಂದು ನಡೆದಿದೆ: ಬರುವ ಮೊದಲೇ ಒಣಗಿ ಸುಕ್ಕುಗಟ್ಟಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆಯಿತು, ಇಲ್ಲವೇ ನೀವು ಅದನ್ನು ಮಣ್ಣಿನಲ್ಲಿ ಹೂತಿರಿ. ಇವನ್ನು ಹೂಳಬಾರದು. ಮರಳಿನ ಮೇಲೆ ಇಟ್ಟು, ಕೆಳಗಿನ ಅರ್ಧ ಒತ್ತಿ ಕೂರಿಸಿದರೆ ಸಾಕು.

ಕ್ಲೈವಿಯಾ, ಸ್ಕ್ಯಾಡಾಕ್ಸಸ್‌ಗಳಲ್ಲಿ ಬೀಜದ ಸುತ್ತ ಹಣ್ಣಿನ ತಿರುಳಿರುತ್ತದೆ. ಅದನ್ನು ಪೂರ್ತಿ ತೊಳೆಯದಿದ್ದರೆ ಬೂಸ್ಟು ಹಿಡಿಯುತ್ತದೆ, ಮೊಳಕೆಯೂ ತಡೆಯುತ್ತದೆ. ಸೀಗೆಕಾಯಿ ನೀರಿನಲ್ಲಿ ಉಜ್ಜಿ, ಬೀಜದ ಮೇಲಿನ ತೆಳು ಪೊರೆಯನ್ನೂ ಬಿಡಿಸಿ. ಕ್ಲೈವಿಯಾ ಬೀಜ ಮುತ್ತಿನ ಬಣ್ಣಕ್ಕೆ ಬಂದ ಮೇಲೆ ಅದರ ಮೈಮೇಲೆ ಒಂದು ಸಣ್ಣ ಕಂದು ಚುಕ್ಕೆ ಕಾಣುತ್ತದೆ. ಬೇರು ಹೊರಡುವುದು ಅಲ್ಲಿಂದ. ಆ ಚುಕ್ಕೆ ಪಕ್ಕಕ್ಕೆ ಬರುವಂತೆ ಇಡಿ. ಬೆಚ್ಚಗಿನ ಜಾಗವಾದರೆ ನಾಲ್ಕರಿಂದ ಆರು ವಾರಗಳಲ್ಲಿ ದಪ್ಪನೆಯ ಬೇರು ಬರುತ್ತದೆ, ಮತ್ತು ಅನೇಕ ಸಲ ಮಣ್ಣಿಗೆ ಇಳಿಯುವ ಬದಲು ಬೀಜವನ್ನೇ ಮೇಲೆತ್ತಿ ಗಾಳಿಯಲ್ಲಿ ನಿಲ್ಲುತ್ತದೆ. ಗಾಬರಿ ಬೇಡ. ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ತೂತು ಮಾಡಿ ಬೇರಿನ ತುದಿಯನ್ನು ಅದರೊಳಕ್ಕೆ ಬಗ್ಗಿಸಿ, ಮರಳು ತುಂಬಿಸಿ. ಬೇರನ್ನು ಬೆರಳಿನಿಂದ ಒತ್ತಿದರೆ ಮುರಿಯುತ್ತದೆ, ಅದು ಮೊಳಕೆ ಹುರುಳಿಗಿಂತ ನಾಜೂಕು. (ಕ್ಲೈವಿಯಾ ಎಂಬ ಹೆಸರು 1828ರಲ್ಲಿ ಬಂದದ್ದು ಕ್ಲೈವ್ ಮನೆತನದ ಒಬ್ಬ ಮಹಿಳೆಯಿಂದ. ಪ್ಲಾಸಿ ಕದನದ ಅದೇ ರಾಬರ್ಟ್ ಕ್ಲೈವ್‌ನ ಮೊಮ್ಮಗಳು ಆಕೆ. ನಮ್ಮ ಇತಿಹಾಸ ಪುಸ್ತಕದ ಖಳನಾಯಕ ಹೂವಿನ ಕುಂಡದಲ್ಲೂ ಬಂದು ಕೂತಿದ್ದಾನೆ.)

ಹೀಮ್ಯಾಂಥಸ್, ಬ್ರನ್ಸ್‌ವಿಜಿಯಾಗಳಲ್ಲಿ ಬೇರು ಬಂದು, ಅದರ ತುದಿಯಲ್ಲಿ ಪುಟ್ಟ ಗೆಡ್ಡೆ ಕಟ್ಟಿ, ಎಲೆ ಮಾತ್ರ ಬರಲು ತಿಂಗಳುಗಳೇ ಹಿಡಿಯಬಹುದು. ಅದು ದೋಷವಲ್ಲ. ಕೆದಕಬೇಡಿ.

ಚಳಿಮಳೆಯ ರಸಬೀಜಗಳಲ್ಲಿ ಮಲೆನಾಡಿಗೆ ಒಂದು ವಿಶೇಷ ಸಂಕಟವಿದೆ. ನೆರೈನ್ ಸಾರ್ನಿಯೆನ್ಸಿಸ್, ಬ್ರನ್ಸ್‌ವಿಜಿಯಾ, ಅಮರಿಲ್ಲಿಸ್ ಬೆಲ್ಲಡೋನಾ ಮೊದಲಾದವು ದಕ್ಷಿಣ ಆಫ್ರಿಕಾದಲ್ಲಿ ಅವರ ಶರತ್ಕಾಲದಲ್ಲಿ ಹೂಬಿಟ್ಟು, ಏಪ್ರಿಲ್ ಮೇ ಹೊತ್ತಿಗೆ ಬೀಜ ಮಾಗಿಸುತ್ತವೆ. ಅಲ್ಲಿಂದ ಬಂದ ಬೀಜ ನಮ್ಮ ಕೈಸೇರುವಾಗ ಇಲ್ಲಿ ಮುಂಗಾರು ಕಾಲಿಟ್ಟಿರುತ್ತದೆ. ಬೀಜ ಕಾಯುವುದಿಲ್ಲ, ಹವಾಮಾನ ಒಪ್ಪುವುದಿಲ್ಲ. ಮನೆಯೊಳಗೆ, ಬೆಳಕಿರುವ ಕಿಟಕಿಯ ಪಕ್ಕ, ಮಳೆಹನಿ ತಾಗದಂತೆ ಒಂದು ಮಳೆಗಾಲ ದಾಟಿಸುವುದಷ್ಟೇ ದಾರಿ. ಭಾರತದಲ್ಲೇ ಬೆಳೆದು ಇಲ್ಲಿನ ಋತುವಿಗೆ ಹೊಂದಿಕೊಂಡ ಗಿಡದ ಬೀಜವಾದರೆ ಅದು ಮಾಗುವುದೇ ಚಳಿಗಾಲದ ಬಾಗಿಲಲ್ಲಿ; ಈ ಜಗಳವೇ ಇಲ್ಲ. ಹಾಗಾಗಿ ಇಲ್ಲಿ ಬೆಳೆದ ಬೀಜಕ್ಕೆ ನಾನು ಎರಡು ಪಟ್ಟು ಬೆಲೆ ಕಟ್ಟುತ್ತೇನೆ. ಕಾನೂನಿನ ಮಾತೂ ಇದೆ. ಹೊರದೇಶದಿಂದ ಬೀಜ ತರಿಸಲು 2003ರ ಸಸ್ಯ ಸಂಗರೋಧ ಆದೇಶದ ನಿಯಮಗಳಿವೆ, ಆಮದು ಪರವಾನಗಿ ಮತ್ತು ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಶುಭಾಶಯ ಪತ್ರದೊಳಗೆ ಬೀಜ ಅಡಗಿಸಿ ಕಳಿಸಿ ಎಂದು ವಿದೇಶದ ನೆಂಟರಿಗೆ ಹೇಳುವುದನ್ನು ನಿಲ್ಲಿಸಿ. ಅಡಿಕೆ, ಕಾಳುಮೆಣಸು, ಶುಂಠಿಗೆ ಈಗಿರುವ ರೋಗಗಳೇ ಸಾಕಷ್ಟಿವೆ.

ಮೊಳೆತು ಮಲಗಿತು

ಸಸಿಯ ಬುಡ ದಾರದಂತೆ ಸಣ್ಣಗಾಗಿ, ನೀರು ತುಂಬಿದಂತೆ ಕಂಡು, ಒಂದೇ ರಾತ್ರಿಯಲ್ಲಿ ಅಡ್ಡ ಬಿದ್ದರೆ ಅದು ಬುಡಕೊಳೆ. ಪಿಥಿಯಂ ಎಂಬ ಬೂಸ್ಟಿನಂಥ ಸೂಕ್ಷ್ಮಜೀವಿ ಮತ್ತು ಅದರ ಬಂಧುಗಳ ಕೆಲಸ. ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾ ಕೂಡ ಅದೇ ಬಳಗದ್ದು. ಒಂದು ಮೂಲೆಯಿಂದ ಶುರುವಾಗಿ ವೃತ್ತಾಕಾರವಾಗಿ ಹರಡುತ್ತದೆ. ಬಿದ್ದ ಸಸಿಗಳನ್ನು ಅವುಗಳ ಸುತ್ತಲಿನ ಮಣ್ಣಿನ ಸಮೇತ ಚಮಚದಲ್ಲಿ ತೆಗೆದು ಆಚೆ ಹಾಕಿ, ಉಳಿದದ್ದರ ಮೇಲೆ ಒರಟು ಮರಳು ಹರಡಿ, ಗಾಳಿ ಆಡುವ ಕಡೆ ಇಡಿ. ನೀರು ಮೇಲಿನಿಂದ ಹಾಕಬೇಡಿ; ಕುಂಡವನ್ನು ತಟ್ಟೆಯ ನೀರಿನಲ್ಲಿ ಕೂರಿಸಿ, ಮೇಲ್ಮಣ್ಣು ಒದ್ದೆಯಾದೊಡನೆ ಎತ್ತಿ. ಮುಂದಿನ ಬಿತ್ತನೆಗೆ ಮಣ್ಣಿನಲ್ಲಿ ಟ್ರೈಕೋಡರ್ಮಾ ಎಂಬ, ರೋಗ ತಡೆಯುವ ಉಪಕಾರಿ ಶಿಲೀಂಧ್ರ ಬೆರೆಸಿಕೊಳ್ಳಬಹುದು. ತೋಟಕ್ಕೆ ಹೊಡೆದು ಉಳಿದ ಬೋರ್ಡೋ (ಮೈಲುತುತ್ತ, ಸುಣ್ಣದ) ದ್ರಾವಣವನ್ನು ಇವುಗಳ ಮೇಲೂ ಎರಚಿಬಿಡುವ ಚಾಳಿ ಕೆಲವರಿಗಿದೆ. ಅಡಿಕೆ ಗೊನೆ ತಡೆದುಕೊಳ್ಳುವ ಶೇಕಡಾ 1ರ ದ್ರಾವಣ ಹುಲ್ಲಿನೆಳೆಯಂಥ ಸಸಿಯನ್ನು ಸುಟ್ಟುಬಿಡಬಹುದು.

ಬುಡ ಗಟ್ಟಿಯಾಗಿದ್ದೂ ಸಸಿ ಮಲಗಿದ್ದರೆ, ಸುತ್ತಲಿನ ಮಣ್ಣು ಚೆಲ್ಲಾಡಿದ್ದರೆ, ಅದು ರೋಗವಲ್ಲ, ಹನಿಯ ಹೊಡೆತ. ಹೆಂಚಿನ ಮಾಡಿನ ಸೂರಿನಿಂದಲೋ ಅಡಿಕೆ ಸೋಗೆಯ ತುದಿಯಿಂದಲೋ ಬೀಳುವ ದಪ್ಪ ಹನಿ ಬೇಸಿಗೆ ಮಳೆಯ ಯೂಕೋಮಿಸ್ ಸಸಿಯನ್ನೂ ಬೇರು ಸಮೇತ ಕೀಳುತ್ತದೆ. ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಮಳೆ ದಾಖಲಾಗಿದೆ. ಕ್ವಾಜುಲು-ನಟಾಲಿನ ಯಾವ ಗಿಡವೂ ಅಂಥದ್ದಕ್ಕೆ ಸಿದ್ಧವಾಗಿ ಹುಟ್ಟಿಲ್ಲ. ಮಳೆಗಾಲದ ಗಿಡವೆಂದರೆ ಮಳೆಯಲ್ಲೇ ನಿಲ್ಲಿಸಬೇಕೆಂದಲ್ಲ. ಮೊದಲ ವರ್ಷ ಮಾಡಿನ ಕೆಳಗಿರಲಿ.

ಮೇಲ್ಮಣ್ಣಿನ ಮೇಲೆ ಹಸಿರು ಹಾವಸೆ ಕಟ್ಟಿ ಸಸಿಯನ್ನು ನುಂಗುತ್ತಿದ್ದರೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಾಯಿತೆಂದು ತಿಳಿಯಿರಿ. ಅರ್ಧದಷ್ಟು ಒರಟು ಹೊಳೆಮರಳು, ಉಳಿದದ್ದರಲ್ಲಿ ಜಂಬಿಟ್ಟಿಗೆಯ ಚರಳು, ಪೂರ್ತಿ ಕಳಿತ ಸೊಪ್ಪಿನ ಗೊಬ್ಬರ. ಹಸಿ ಸಗಣಿ ಬೇಡ. ಕುಂಡ ಆಳವಿರಲಿ, ಒಂದು ಗೇಣಾದರೂ. ಈ ಗಿಡಗಳಲ್ಲಿ ಅನೇಕಕ್ಕೆ ಗೆಡ್ಡೆಯನ್ನು ತಾವೇ ಕೆಳಕ್ಕೆ ಎಳೆದುಕೊಳ್ಳುವ ಬೇರುಗಳಿರುತ್ತವೆ.

ಎಲೆ ಹಳದಿಯಾಗಿ ಮಾಯವಾಯಿತು

ಮಾರ್ಚ್‌ನಲ್ಲಿ ತುದಿಯಿಂದ ಹಳದಿಯಾಗಿ ಒಣಗುತ್ತ ಬಂದರೆ, ಗಿಡ ಚಳಿಮಳೆಯದ್ದಾದರೆ, ಅದು ಸತ್ತಿಲ್ಲ. ಮಲಗಿದೆ. ಇಲ್ಲಿ ಮಾಡುವ ಅತಿ ದೊಡ್ಡ ಅಪರಾಧವೆಂದರೆ "ಪಾಪ, ಬಾಡುತ್ತಿದೆ" ಎಂದು ಇನ್ನಷ್ಟು ನೀರು ಹಾಕುವುದು. ನೀರು ಕ್ರಮೇಣ ಕಡಿಮೆ ಮಾಡಿ, ಎಲೆ ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ.

ಮುಂದಿನ ಆರೇಳು ತಿಂಗಳು ಅದನ್ನು ಒಣಗಿಸಿಡುವುದೇ ಮಲೆನಾಡಿನಲ್ಲಿ ಈ ಗುಂಪಿನ ನಿಜವಾದ ಪರೀಕ್ಷೆ. ಪುಷ್ಯ, ಆಶ್ಲೇಷ ಮಳೆಗಳಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸ್ಟು ಬರುವ ಊರು ನಮ್ಮದು. ಜಗುಲಿಯಲ್ಲಿಟ್ಟ ಕುಂಡದ ಮಣ್ಣು ಗಾಳಿಯ ಪಸೆಯನ್ನೇ ಕುಡಿದು ತಂಪಾಗುತ್ತದೆ. ಮೊದಲ ವರ್ಷದ ಗೆಡ್ಡೆ ಮೆಣಸಿನ ಕಾಳಿನಷ್ಟಿರುತ್ತದೆ, ಅದನ್ನು ಮಣ್ಣಿನಿಂದ ತೆಗೆಯಬೇಡಿ. ಕುಂಡ ಸಮೇತ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ. ದೊಡ್ಡ ಗೆಡ್ಡೆಗಳನ್ನು ಮಾತ್ರ ತೆಗೆದು, ಒಣ ಮರಳು ತುಂಬಿದ ಡಬ್ಬಿಯಲ್ಲಿ ಹಾಕಿ ಅದೇ ಅಟ್ಟದಲ್ಲಿಡಬಹುದು. ಶಾಖ ಹೆಚ್ಚಾದೀತೆಂಬ ಭಯ ಬೇಡ. ಫ್ರೀಸಿಯಾ ಗೆಡ್ಡೆಗಳನ್ನು ನಿದ್ದೆಯಿಂದ ಎಬ್ಬಿಸಲು ಹೂವಿನ ಉದ್ಯಮದವರು ಸುಮಾರು 30 ಡಿಗ್ರಿ ಶಾಖದಲ್ಲಿ ಮೂರು ತಿಂಗಳ ಮಟ್ಟಿಗೆ ಇಡುತ್ತಾರೆ. ಒಲೆಯ ಅಟ್ಟ ಅದನ್ನು ಪುಕ್ಕಟೆ ಮಾಡಿಕೊಡುತ್ತದೆ. ಸೋಲಾರ್ ನೀರು ಬಂದು ಬಚ್ಚಲ ಒಲೆ ಕಿತ್ತುಹಾಕಿದ ಮನೆಯವರು ಫ್ರಿಜ್ಜಿನ ಹಿಂಬದಿಯಂಥ ಬೆಚ್ಚಗಿನ ಒಣ ಜಾಗ ಹುಡುಕಿಕೊಳ್ಳಬೇಕು.

ಜೂನ್ ಜುಲೈನಲ್ಲಿ ಹಳದಿಯಾದರೆ, ಗಿಡ ಬೇಸಿಗೆ ಮಳೆಯದ್ದಾದರೆ, ಅದು ನಿದ್ದೆಯಲ್ಲ. ಗೆಡ್ಡೆ ಒತ್ತಿ ನೋಡಿ. ಮೆತ್ತಗಿದ್ದರೆ ನೀರು ನಿಂತಿದೆ. ಗಟ್ಟಿಯಾಗಿದ್ದು ಎಲೆಯ ಬುಡದಲ್ಲಿ ಬಿಳಿ ಹತ್ತಿ ಕಂಡರೆ ಹಿಟ್ಟು ತಿಗಣೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇವಿನೆಣ್ಣೆ ಸೋಪಿನ ನೀರು ಸಿಂಪಡಿಸಿ.

ಎಲೆ ಹಳದಿಯಾಗದೆ, ಬೆಳಗಾಗುವುದರೊಳಗೆ ಬುಡದವರೆಗೆ ತಿಂದುಹೋಗಿದ್ದರೆ ಎಲೆಯ ಕೆಳಗೆ ನೋಡಿ. ಕಪ್ಪು ಮೈ, ಬಿಳಿ ಚುಕ್ಕೆ, ನಡುನಡುವೆ ಕೆಂಪು ಗುರುತಿನ, ನೋಡಲು ಅಂದವಾದ ಹುಳುಗಳ ಗುಂಪು ಸಿಗುತ್ತದೆ. ಇದು ಲಿಲ್ಲಿ ಪತಂಗದ ಮರಿ, ಗೌರಿ ಹೂವಿನ ಬಳ್ಳಿಯನ್ನು ಬೋಳಿಸುವುದೂ ಇದೇ. ಕ್ರೈನಮ್, ಸ್ಕ್ಯಾಡಾಕ್ಸಸ್‌ಗಳ ವಿಷ ಅದಕ್ಕೆ ಲೆಕ್ಕಕ್ಕಿಲ್ಲ. ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದೇ ಉತ್ತಮ. ಬೇಲಿಯ ಗೌರಿ ಹೂವಿನ ಬಳ್ಳಿಯನ್ನೂ ಒಮ್ಮೆ ತಪಾಸಣೆ ಮಾಡಿ, ಅಲ್ಲಿಂದಲೇ ಬರುತ್ತವೆ. ಗೆಡ್ಡೆಯೇ ಕಾಣೆಯಾಗಿ ನೆಲದಲ್ಲಿ ಗುಂಡಿ ಇದ್ದರೆ ಮುಳ್ಳುಹಂದಿ. ಅದಕ್ಕೆ ನನ್ನಲ್ಲಿ ಮದ್ದಿಲ್ಲ, ಕುಂಡವನ್ನು ಮೇಲಿಡಿ. ದಕ್ಷಿಣ ಆಫ್ರಿಕಾದಲ್ಲೂ ಈ ಗೆಡ್ಡೆಗಳನ್ನು ಅಗೆದು ತಿನ್ನುವುದು ಅಲ್ಲಿನ ಮುಳ್ಳುಹಂದಿಯೇ.

ಹೂವೇ ಬಿಡುವುದಿಲ್ಲ

ಮೊದಲು ವಯಸ್ಸು ಲೆಕ್ಕ ಹಾಕಿ. ಬೀಜದಿಂದ ಫ್ರೀಸಿಯಾ ಒಂದು ವರ್ಷದ ಆಸುಪಾಸಿನಲ್ಲೇ ಹೂ ಕೊಡಬಹುದು. ಲ್ಯಾಕನೇಲಿಯಾ, ಯೂಕೋಮಿಸ್‌ಗೆ ಎರಡು ಮೂರು ವರ್ಷ, ಕ್ಲೈವಿಯಾ, ನೆರೈನ್‌ಗೆ ಮೂರರಿಂದ ಐದು. ಬ್ರನ್ಸ್‌ವಿಜಿಯಾ ಜೋಸೆಫಿನೆ ಬಿತ್ತಿದವರು ಮಕ್ಕಳ ಮದುವೆಗೆ ಹೂ ಬಿಟ್ಟರೆ ಪುಣ್ಯ ಎಂದುಕೊಳ್ಳಲಿ. ಹತ್ತು ಹನ್ನೆರಡು ವರ್ಷ ಅದಕ್ಕೆ ಸಾಮಾನ್ಯ.

ವಯಸ್ಸಾಗಿಯೂ ಬಿಡದಿದ್ದರೆ ನೆರಳು ಹೆಚ್ಚಾಗಿದೆಯೇ ನೋಡಿ. ಅಡಿಕೆ ತೋಟದ ನೆರಳು ಕ್ಲೈವಿಯಾಕ್ಕೆ ಹೇಳಿ ಮಾಡಿಸಿದ್ದು, ಬಿಸಿಲು ಬೇಡುವ ವಾಟ್ಸೋನಿಯಾಕ್ಕೆ ಸೆರೆಮನೆ. ಗೊಬ್ಬರದಲ್ಲಿ ಸಾರಜನಕ ಹೆಚ್ಚಾದರೂ ಎಲೆಯೇ ಎಲೆ. ಕ್ಲೈವಿಯಾದ ಹೂದಂಡು ಎಲೆಗಳ ಸಂದಿಯಲ್ಲೇ ಸಿಕ್ಕಿಕೊಂಡು ಅಲ್ಲೇ ಅರಳಿದರೆ ಅದಕ್ಕೆ ಚಳಿ ಸಾಲದು ಎಂದರ್ಥ. ಧನುರ್ಮಾಸದಲ್ಲಿ ಅದನ್ನು ಮನೆಯೊಳಗೆ ಬೆಚ್ಚಗಿಡಬೇಡಿ, ಹೊರಗಿನ ತಂಪಿನಲ್ಲಿ, ಕಡಿಮೆ ನೀರಿನಲ್ಲಿ ಬಿಡಿ.

ಹೂ ಬಿಟ್ಟೂ ಕಾಯಿ ಕಟ್ಟದಿದ್ದರೆ ಊರಿನ ಗಿಡಗಳೆಲ್ಲ ಒಂದೇ ತಾಯಿಯ ಮರಿಗಳಾಗಿರಬಹುದು. ಈ ಗಿಡಗಳಲ್ಲಿ ಎಷ್ಟೋ ತಮ್ಮ ಪರಾಗವನ್ನು ತಾವೇ ಒಪ್ಪುವುದಿಲ್ಲ. ಬೇರೆ ಊರಿನ, ಬೇರೆ ಮೂಲದ ಗಿಡದ ಪರಾಗವನ್ನು ಬೆಂಕಿಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ತಂದು ಮುಟ್ಟಿಸಿ. ಬೀಜ ಹಂಚಿಕೊಳ್ಳುವುದರ ದೊಡ್ಡ ಲಾಭ ಇದೇ. ಗೆಡ್ಡೆಯ ಮರಿ ಹಂಚಿದರೆ ಒಂದೇ ಗಿಡ ಊರೂರು ಸುತ್ತುತ್ತದೆ, ಬೀಜ ಹಂಚಿದರೆ ಪ್ರತಿ ಸಸಿಯೂ ಬೇರೆ.

ಬಂದದ್ದು ಬೇರೆ ಗಿಡ

ಅಮರಿಲ್ಲಿಸ್ ಎಂದು ಬಂದ ಬೀಜ ಕಪ್ಪಗೆ, ಕಾಗದದಂತೆ ಇದ್ದರೆ ಅದು ನರ್ಸರಿಗಳಲ್ಲಿ ಆ ಹೆಸರಿನಲ್ಲಿ ಮಾರುವ ಹಿಪ್ಪಿಯಾಸ್ಟ್ರಮ್, ದಕ್ಷಿಣ ಅಮೆರಿಕದ್ದು. ದಕ್ಷಿಣ ಆಫ್ರಿಕಾದ ಅಮರಿಲ್ಲಿಸ್ ಬೀಜ ರಸಬೀಜ, ತಿಳಿ ಬಣ್ಣದ ಮಣಿ. ಬಿತ್ತುವ ಮೊದಲೇ ಕಣ್ಣಿಗೆ ಕಾಣುವ ಈ ವ್ಯತ್ಯಾಸಕ್ಕೆ ಮೂರು ವರ್ಷ ಕಾದು ಹೂ ನೋಡಬೇಕಿಲ್ಲ. ಮೊರಿಯಾ, ಗ್ಲಾಡಿಯೋಲಸ್ ಜಾತಿಗಳ ಗೊಂದಲಕ್ಕೆ ಮಾತ್ರ ಹೂವೇ ಸಾಕ್ಷಿ. ಅಲ್ಲಿಯವರೆಗೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ, ಮುಂದೆ ಹಂಚುವಾಗಲೂ ಅಳಿಸಬೇಡಿ.

ಕೊಡುವ ಕೈಯಲ್ಲಿನ ದೋಷ

ನೀವು ಕೊಟ್ಟ ಬೀಜ ಯಾರ ಮನೆಯಲ್ಲೂ ಮೊಳೆಯುತ್ತಿಲ್ಲವಾದರೆ ಕೊಯ್ಲು ನೋಡಿಕೊಳ್ಳಿ. ಒಣ ಬೀಜವನ್ನು ಕಾಯಿ ತಾನಾಗಿ ಬಾಯಿ ಬಿಡುವಾಗಲೇ ಕೊಯ್ಯಬೇಕು. ಹಸಿರು ಕಾಯಿ ಕಿತ್ತು ಬಿಸಿಲಿಗಿಟ್ಟರೆ ಜೊಳ್ಳು. ಕೊಯ್ದ ಬೀಜವನ್ನು ನೆರಳಿನಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ಹುರಿದು ಆರಿಸಿದ ಅಕ್ಕಿ ಒಂದು ಹಿಡಿ ಹಾಕಿದ ಬಿಗಿ ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿ. ಹುರಿದಕ್ಕಿ ಪಸೆ ಹೀರುತ್ತದೆ. ಗೋಡೆಯ ಮೊಳೆಗೆ ನೇತುಹಾಕಿದ ಪೊಟ್ಟಣದ ಬೀಜ ಒಂದು ಮಳೆಗಾಲ ದಾಟಿದರೆ ಅದನ್ನು ಹಂಚದಿರುವುದೇ ಮರ್ಯಾದೆ.

ರಸಬೀಜಕ್ಕೆ ಇದರಲ್ಲಿ ಯಾವುದೂ ಅನ್ವಯಿಸುವುದಿಲ್ಲ. ಹಿಂಡಿದ, ಕೈಗೆ ತಂಪು ಮಾತ್ರ ತಾಗುವ ಕೋಕೋಪೀಟ್‌ನಲ್ಲಿ ಸುತ್ತಿ, ತೂತು ಮಾಡಿದ ಡಬ್ಬಿಯಲ್ಲಿ ಕಳಿಸಿ. ಶನಿವಾರ ಅಂಚೆಗೆ ಹಾಕಬೇಡಿ, ಭಾನುವಾರವೆಲ್ಲ ಚೀಲದಲ್ಲಿ ಬೇಯುತ್ತದೆ. ಶಿವಮೊಗ್ಗದಿಂದ ಸಾಗರಕ್ಕಾದರೆ ಬಸ್ಸಿನಲ್ಲಿ ಹೋಗುವವರ ಕೈಯಲ್ಲಿ ಕೊಡುವುದು ಅಂಚೆಗಿಂತ ವಾಸಿ. ಪೊಟ್ಟಣದ ಮೇಲೆ ಹೆಸರು, ಕೊಯ್ದ ತಿಂಗಳು ಮತ್ತು ವರ್ಷ, ಚಳಿಮಳೆಯೋ ಬೇಸಿಗೆ ಮಳೆಯೋ, ಒಣವೋ ರಸವೋ, ಬೆಳೆದ ಊರು, ಇಷ್ಟಿರಲಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಪಸೆಗೆ ಕದಡುತ್ತದೆ.

ಇನ್ನೊಂದು ಎಚ್ಚರಿಕೆಯನ್ನೂ ಪೊಟ್ಟಣದ ಜೊತೆ ಬಾಯಿಮಾತಿನಲ್ಲಾದರೂ ದಾಟಿಸಿ. ನೆರೈನ್, ಕ್ರೈನಮ್, ಕ್ಲೈವಿಯಾ ಗೆಡ್ಡೆಗಳಲ್ಲಿ ಲೈಕೋರಿನ್ ಎಂಬ ವಿಷವಿದೆ. ದಕ್ಷಿಣ ಆಫ್ರಿಕಾದಲ್ಲಿ ಬೂಫೋನ್ ಎಂಬ ಗೆಡ್ಡೆಯ ರಸವನ್ನು ಬಾಣದ ತುದಿಗೆ ಸವರುತ್ತಿದ್ದರು. ಮೊರಿಯಾದ ಕೆಲವು ಜಾತಿಗಳು ಅಲ್ಲಿ ಮೇಯುವ ದನಗಳನ್ನು ಕೊಂದಿವೆ, ನಮ್ಮ ಮಲೆನಾಡು ಗಿಡ್ಡ ಹಸುಗಳಿಗೆ ಅವುಗಳ ಪರಿಚಯವಿಲ್ಲ. ವಾಟ್ಸೋನಿಯಾ, ಫ್ರೀಸಿಯಾ, ಸ್ಪಾರಾಕ್ಸಿಸ್‌ಗಳು ಆಸ್ಟ್ರೇಲಿಯಾದಲ್ಲಿ ತೋಟ ದಾಟಿ ಕಾಡಿಗೆ ನುಗ್ಗಿ ಕಳೆಯಾಗಿವೆ. ಹೆಚ್ಚಾದ ಮರಿಗೆಡ್ಡೆ, ಬೇಡವಾದ ಸಸಿ, ಕುಂಡ ತೊಳೆದ ಮಣ್ಣು ಯಾವುದನ್ನೂ ಹಳ್ಳಕ್ಕೋ ಸೊಪ್ಪಿನ ಬೆಟ್ಟಕ್ಕೋ ಚೆಲ್ಲಬೇಡಿ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಒಲೆಗೆ ಹಾಕಿ.